ನೊಣದ ಬಾಯಿ

ಹೋದ ತಿಂಗಳು ಇಬ್ಬರು ಹುಡುಗಿಯರು ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಹೊಸದಾಗಿ ನೌಕರಿಗೆ ಸೇರಿದ ಪಶುವೈದ್ಯಕೀಯ ಪರೀಕ್ಷಕಿಯರು. ನಾನು ಮೂವತ್ತು ವರ್ಷಕ್ಕೂ ಮೇಲೆ ಮಾಡಿ ಬಿಟ್ಟ ಕೆಲಸವನ್ನೇ ಮಾಡಲಿಕ್ಕೆ ಹೊರಟವರು. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು: “ಮೇಡಂ, ಈ ಕೆಲಸದೊಳಗ ಎಲ್ಲಕ್ಕಿಂತ ಕಷ್ಟ ಯಾವುದ್ರಿ? ಕರು ಹಾಕಿಸೂದಾ, ಒದಿಯೋ ಎತ್ತಿಗೆ ಸೂಜಿ ಹಾಕೂದಾ?”

“ನೊಣ” ಅಂದೆ.

ಇಬ್ಬರೂ ನಕ್ಕರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಅವರು ಹೋದ ಮೇಲೆ ಕೂತು ಯೋಚಿಸಿದೆ. ನನ್ನ ಇಡೀ ನೌಕರಿಯಲ್ಲಿ ನಾನು ತಲೆ ತಗ್ಗಿಸಿದ್ದೂ ನೊಣದಿಂದ, ಊರವರು ನನ್ನ ಮಾತು ನಂಬಲಿಕ್ಕೆ ಶುರು ಮಾಡಿದ್ದೂ ನೊಣದಿಂದ. ಅದನ್ನೇ ಇಲ್ಲಿ ಬರೆದಿಡುತ್ತೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಅನ್ನೋದು ಸರ್ವಿಸ್ ಪುಸ್ತಕದಲ್ಲಿದೆ; ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ನಮ್ಮಪ್ಪನದು ಕಲ್ಯಾಣದಲ್ಲಿ ಅರಿವೆ ಅಂಗಡಿ. ಧೋತರ, ಸೀರೆ, ಖಣದ ನಡುವೆ ಬೆಳೆದವಳು ನಾನು. ಮನೆಗೆ ಬಂದವರಿಗೆಲ್ಲ ಕೈ ಜೋಡಿಸಿ ‘ಶರಣಾರ್ಥಿ’ ಅನ್ನೋದು ಗೊತ್ತಿತ್ತು, ಆಕಳ ಮುಂದೆ ಹೇಗೆ ನಿಲ್ಲಬೇಕು ಅನ್ನೋದು ಗೊತ್ತಿರಲಿಲ್ಲ. ನೌಕರಿಯ ಕಾಗದ ಬಂದ ದಿನ ಅವ್ವ ಗೊಣಗಿದಳು: “ದನದ ಬಾಲ ಹಿಡೀಲಾಕ ಇಷ್ಟು ಓದ್ಸಿದಿವೇನು?” ಅಪ್ಪ ಮಾತ್ರ ಖುಷಿಯಾಗಿದ್ದ. “ಹೋಗವ್ವ, ಚಲೋ ಕೆಲಸ. ಅರಿವಿ ಒದಿಯೂದಿಲ್ಲ, ದನಾ ಒದೀತಾವ. ಜರಾ ಹುಷಾರಿ ಇರು, ಅಷ್ಟ” ಅಂದ.

ಮೊದಲು ಹಾಕಿದ್ದು ದುಬಲಗುಂಡಿಗೆ. ಹುಮನಾಬಾದಿನಿಂದ ಬಸ್ಸು ಹಿಡಿದು ಹೋಗಿ ಇಳಿದೆ. ದನದ ದವಾಖಾನೆಯ ಕಟ್ಟೆಯ ಮೇಲೆ ಎತ್ತು ಹಿಡಿದುಕೊಂಡು ಕೂತಿದ್ದ ಒಬ್ಬ ರೈತ ನನ್ನ ಹಿಂದೆ ಮುಂದೆ ನೋಡಿ, “ಬಾಯಿ, ಡಾಕ್ಟರ್ ಮುಂದಿನ ಬಸ್ಸಿಗೆ ಬರ್ತಾರೇನ್ರಿ?” ಅಂತ ಕೇಳಿದ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವುದು ಹಾಗೇ, ‘ಬಾಯಿ’ ಅಂತ. “ಇಲ್ಲ, ಈ ಬಸ್ಸಿಗೇ ಬಂದೀನಿ” ಅಂದೆ. ಅವನು ಎತ್ತಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಯಾರ ಬಗ್ಗೆ ಕನಿಕರಪಟ್ಟನೋ ತಿಳಿಯಲಿಲ್ಲ.

ನಮ್ಮ ಮೇಲಿನ ಡಾಕ್ಟರು ಕುಲಕರ್ಣಿ ಸಾಹೇಬರು. ಹುಮನಾಬಾದಿನಲ್ಲಿ ಕೂತು ಸುತ್ತಲಿನ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ, ಮೀಸೆ ಜಾಸ್ತಿ. ರೈತರ ಮುಂದೆ ನಮಗೆ ಒಂದು ಮಾತೂ ಬೈಯುತ್ತಿರಲಿಲ್ಲ. ಜೀಪಿನಲ್ಲಿ ಕೂತ ಮೇಲೆ ಮಾತ್ರ ಬಾಕಿ ಇಡುತ್ತಿರಲಿಲ್ಲ. ಮೊದಲ ವಾರವೇ ನನ್ನನ್ನು ಒಂದು ಎತ್ತಿನ ಪಕ್ಕ ನಿಲ್ಲಿಸಿ, “ಹದಿನೈದು ನಿಮಿಷ ಏನೂ ಮಾಡಬ್ಯಾಡ. ನೊಣ ಎಲ್ಲೆಲ್ಲಿ ಕೂಡ್ತಾವ ನೋಡು” ಅಂದು ತಾವು ಬೀಡಿ ಸೇದಲು ಬೇವಿನ ಗಿಡದ ಕೆಳಗೆ ಹೋದರು.

ನೋಡಿದೆ. ನೊಣ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದವಳಿಗೆ ಆ ಹದಿನೈದು ನಿಮಿಷ ಒಂದು ಶಾಲೆಯಾಯಿತು. ಕಣ್ಣಿನ ಸುತ್ತ ಕೂತವು ನಮ್ಮ ಮನೆಯಲ್ಲಿ ಬೆಲ್ಲದ ಮೇಲೆ ಕೂರುವ ನೊಣದ ಹಾಗಿದ್ದವು. ಕಣ್ಣೀರು ನೆಕ್ಕುತ್ತಿದ್ದವೇ ಹೊರತು ಕಡಿಯುತ್ತಿರಲಿಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣವು, ತಲೆ ಕೆಳಗೆ ಮಾಡಿ ಕೂತು ರಕ್ತ ಹೀರುತ್ತಿದ್ದವು. ಎತ್ತು ಬಾಲ ಬೀಸಿದರೆ ಒಂದು ಸಲ ಮೇಲೆದ್ದು ಮತ್ತೆ ಅಲ್ಲೇ. ಕಾಲಿಗೆ ಕೂತವು ಬೇರೆ. ನೋಡಲಿಕ್ಕೆ ಮನೆಯ ನೊಣದ ಹಾಗೇ ಇದ್ದರೂ ಮುಂದೆ ಸೂಜಿಯಂಥ ಸೊಂಡಿಲು, ತಲೆ ಮೇಲೆ ಮಾಡಿ ಕೂರುತ್ತವೆ. ಅವು ಕಡಿದಾಗೆಲ್ಲ ಎತ್ತು ಕಾಲು ಝಾಡಿಸುತ್ತಿತ್ತು.

ಸಾಹೇಬರು ವಾಪಸ್ ಬಂದು ಕೇಳಿದಾಗ ಹೇಳಿದೆ. “ಹೌದು. ಮೂರೂ ಬ್ಯಾರೆ. ಮೂರೂ ಹುಟ್ಟೂ ಜಾಗಾನೂ ಬ್ಯಾರೆ. ಬರೇ ದನದ ಮ್ಯಾಲ ಔಷಧ ಹೊಡದ್ರ ಅರ್ಧ ಕೆಲಸ” ಅಂದರು. ಅರ್ಧ ಮಾತು ನನಗೆ ಆಗ ತಿಳಿಯಿತು, ಉಳಿದ ಅರ್ಧ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಮೊದಲ ದೊಡ್ಡ ತಪ್ಪು ಆದದ್ದು ಅದೇ ದುಬಲಗುಂಡಿಯಲ್ಲಿ. ಕಾಶಮ್ಮ ಅಂತ ಒಬ್ಬ ಅಜ್ಜಿ ಇದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಆಯಿ ಅನ್ನುತ್ತಿದ್ದೆ. ಅವಳ ಬಳಿ ಸರ್ಜಾ ಅನ್ನುವ ದೇವಣಿ ತಳಿಯ ಎತ್ತು. ಬಿಳಿ ಮೈ, ಮುಖದ ಮೇಲೆ ಕಪ್ಪು, ನಡೆದರೆ ಓಣಿಯೇ ತುಂಬಬೇಕು. ತೊಗರಿ ಹೂ ಬಿಡುವ ಕಾಲ. ಸರ್ಜಾನ ಬೆನ್ನ ತುಂಬ ನೊಣ. ಆಯಿ ದವಾಖಾನೆಗೆ ಬಂದಳು. ನಾನು ಔಷಧದ ಸಣ್ಣ ಬಾಟಲಿ ಕೊಟ್ಟು, ಒಂದು ಲೀಟರ್ ನೀರಿಗೆ ಎಷ್ಟು ಹಾಕಬೇಕು, ಮೇವಿನ ಮೇಲೆ ಬೀಳಬಾರದು, ಕಣ್ಣಿಗೆ ತಾಗಬಾರದು ಎಲ್ಲ ಹೇಳಿದೆ. ಕೊನೆಗೆ, “ಪಂಪಿಲೆ ಹೊಡೀರಿ ಆಯಿ” ಅಂದೆ.

ಮಧ್ಯಾಹ್ನ ಆಯಿಯ ಮನೆಯಿಂದ ಒಬ್ಬರು ಓಡಿ ಬಂದರು. ಹೋಗಿ ನೋಡಿದರೆ ಸರ್ಜಾ ನೆಲಕ್ಕೆ ಬಿದ್ದಿದೆ. ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣ. ಪಕ್ಕದಲ್ಲಿ ಪಂಪು ಬಿದ್ದಿತ್ತು. ಹೊಲದಲ್ಲಿ ತೊಗರಿಯ ಕೀಡೆಗೆ ಔಷಧ ಹೊಡೆಯುವ ಪಂಪು. ಪಕ್ಕದ ಮನೆಯಿಂದ ಕೇಳಿ ತಂದದ್ದು. ತಳದಲ್ಲಿ ಬೆಳೆಯ ವಿಷ ಇನ್ನೂ ಉಳಿದಿತ್ತು. ಆಯಿ ನಾನು ಕೊಟ್ಟ ಔಷಧವನ್ನು ಅದರಲ್ಲೇ ಹಾಕಿ, ನೀರು ತುಂಬಿ, ನಾನು ಹೇಳಿದ ಹಾಗೇ ಹೊಡೆದಿದ್ದಳು. ಯಾವ ಪಂಪು ಅಂತ ನಾನು ಕೇಳಿರಲಿಲ್ಲ.

ಫೋನು ಮಾಡಿಸಿದೆ. ಕುಲಕರ್ಣಿ ಸಾಹೇಬರು ಬರುವವರೆಗೆ ಸೋಪಿನ ನೀರು ಹಾಕಿ ಎತ್ತಿನ ಮೈ ತೊಳೆದೆ. ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ ಕೊಡ ನೀರು ತಂದು ಸುರಿದರು. ಸಾಹೇಬರು ಬಂದವರೇ ಏನನ್ನೂ ಕೇಳದೆ ಸೂಜಿ ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೊಂದು, ಮತ್ತೊಂದು. ನಾನು ಸರ್ಜಾನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನನ್ನ ಕಣ್ಣಿಂದ ನೀರು ಹರಿಯುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಜೊಲ್ಲು ನಿಂತಿತು. ಆಮೇಲೆ ಎತ್ತು ಒಂದು ಸಲ ದೊಡ್ಡದಾಗಿ ಉಸಿರು ಬಿಟ್ಟು, ಮುಂಗಾಲು ಊರಿ, ನನ್ನನ್ನು ಪಕ್ಕಕ್ಕೆ ಕೆಡವಿ ಎದ್ದು ನಿಂತಿತು.

ಆಯಿ ನನ್ನ ಕೈ ಹಿಡಿದು ಎಬ್ಬಿಸಿದಳು. “ಅಳಬ್ಯಾಡ ಮಗಳಾ. ಎತ್ತ ಎದ್ದು ನಿಂತದಲ್ಲ. ನೀ ಹೇಳಿದ್ದು ಬರಾಬರ್ ಇತ್ತು, ನಾ ತಂದ ಪಂಪ ಹೊಲಸಿತ್ತು” ಅಂದಳು.

“ಇಲ್ಲ ಆಯಿ, ನಾ ಕೇಳಬೇಕಿತ್ತು.”

“ಹಂಗಾದ್ರ ಇನ್ಮ್ಯಾಲ ಕೇಳು. ಈಗ ಚಹಾ ಕುಡಿ.”

ಜೀಪಿನಲ್ಲಿ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕೂತೆ. ಊರು ದಾಟಿದ ಮೇಲೆ ಸಾಹೇಬರು, “ಔಷಧ ಹೇಳೂದು ಕೆಲಸ ಅಲ್ಲ. ಅವರ ಮನ್ಯಾಗ ಏನದ ಅಂತ ಕೇಳೂದು ಕೆಲಸ” ಅಂದರು. ಅಷ್ಟೇ. ಅವತ್ತಿನಿಂದ ನಾನು ಯಾರಿಗೆ ಏನು ಕೊಟ್ಟರೂ ಮನೆಗೇ ಹೋಗಿ ಪಂಪು, ಬಕೀಟು, ಮಗ್ಗು ಎಲ್ಲ ತೆಗೆಸಿ ನೋಡುತ್ತಿದ್ದೆ. ಹೆಣ್ಣುಮಕ್ಕಳು ನಗುತ್ತಿದ್ದರು, “ಬಾಯಿ ಹೆಣ್ಣು ನೋಡಾಕ ಬಂದಂಗ ಭಾಂಡಿ ನೋಡ್ತಾರ” ಅಂತ. ನಗಲಿ. ಮತ್ತೊಂದು ಎತ್ತು ನನ್ನ ತೊಡೆಯ ಮೇಲೆ ತಲೆ ಇಟ್ಟು ನಡುಗಲಿಲ್ಲ.

ಕೆಲವು ವರ್ಷದ ಮೇಲೆ ಘಾಟಬೋರಾಳಕ್ಕೆ ವರ್ಗವಾಯಿತು. ಅಲ್ಲಿ ಮಾಳಪ್ಪ ಸಿಕ್ಕ. ತಲೆತಲಾಂತರದಿಂದ ದನ ಕಾಯುವ ಮನೆತನ. ಅವನು ಸಾಕುತ್ತಿದ್ದದ್ದು ಹಾಲಿನ ಎಮ್ಮೆ ಅಲ್ಲ, ಕೋಣ. ಎಮ್ಮೆಗೆ ಗಂಡುಕರು ಹುಟ್ಟಿದರೆ ಯಾರಿಗೂ ಬೇಡವಾಗಿರುತ್ತದೆ; ಮಾಳಪ್ಪ ಊರೂರು ತಿರುಗಿ ಅಂಥ ಕರುಗಳನ್ನು ತಂದು, ಮೇಯಿಸಿ ಬೆಳೆಸಿ, ಮಾಂಸದ ಪೇಟೆಗೆ ಹೈದರಾಬಾದಿನ ಕಡೆ ಕಳಿಸುತ್ತಿದ್ದ. ಮೂವತ್ತೋ ನಲವತ್ತೋ ಕೋಣಗಳು ಊರ ಅಂಚಿನ ದೊಡ್ಡಿಯಲ್ಲಿ. ಅವನ ಹೆಂಡತಿ ವಿಠಾಬಾಯಿ ಆ ದೊಡ್ಡಿಯ ನಿಜವಾದ ಸಾಹುಕಾರ್ತಿ. ಮಾಳಪ್ಪ ಮಾತಾಡುತ್ತಿದ್ದ, ವಿಠಾಬಾಯಿ ನೋಡುತ್ತಿದ್ದಳು.

ನಾನು ಆ ಊರಿಗೆ ಹೋದ ವರ್ಷವೇ ಮಳೆಗಾಲದಲ್ಲಿ ನೊಣದ ಕಾಟ ವಿಪರೀತವಾಯಿತು. ಕೋಣಗಳು ಇಡೀ ದಿನ ಕಾಲು ಝಾಡಿಸುತ್ತ, ಒಂದರ ಮೈಗೆ ಒಂದು ಒತ್ತಿಕೊಂಡು ಗುಂಪಾಗಿ ನಿಲ್ಲುತ್ತಿದ್ದವು. ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. “ಬಾಯಿ, ತಿನ್ನೂ ಹೊತ್ತಿನಾಗ ಕುಣಿಯಾಕತ್ತಾವ್ರಿ. ಮೈ ಹ್ಯಾಂಗ ಹಿಡೀಬೇಕು?” ಅಂದ ಮಾಳಪ್ಪ. ಖರೇ ಹೇಳಬೇಕೆಂದರೆ ಏನು ಮಾಡಬೇಕು ಅನ್ನೋದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೊಣ ಊರೊಳಗೂ ತುಂಬಿತ್ತು. ಬಸ್‌ಸ್ಟ್ಯಾಂಡಿನ ಎದುರು ಭೀಮಶ್ಯಾನ ಭಜಿ ಅಂಗಡಿ. ಜಿಲೇಬಿಯ ತಾಟು ಹಳದಿ ಇದ್ದದ್ದು ಕಪ್ಪಾಗಿ ಕಾಣುತ್ತಿತ್ತು. ಅಲ್ಲಿ ಕೂತವರ ಕಾಲಿಗೂ ನೊಣ ಕಡಿಯುತ್ತಿದ್ದವು. ಭೀಮಶ್ಯಾ ಊರವರನ್ನೆಲ್ಲ ಕೂಡಿಸಿಕೊಂಡು ಪಂಚಾಯಿತಿಗೆ ಅರ್ಜಿ ಕೊಟ್ಟ: ಮಾಳಪ್ಪನ ದೊಡ್ಡಿ ಊರು ಬಿಟ್ಟು ಹೋಗಬೇಕು.

ಪಂಚಾಯಿತಿಯ ಕಟ್ಟೆಯ ಮೇಲೆ ನನ್ನನ್ನೂ ಕರೆದರು. “ಬಾಯಿ, ನೀವು ದನದ ಡಾಕ್ಟರ್. ನೀವ ಹೇಳ್ರಿ, ನೊಣ ಕ್ವಾಣದಿಂದ ಬರ್ತಾವೋ ಇಲ್ಲೋ?” ಅಂದ ಭೀಮಶ್ಯಾ.

‘ಹೌದು’ ಅನ್ನಲಿಕ್ಕೆ ಬಾಯಿ ತೆರೆದಿದ್ದೆ. ಎಲ್ಲರಿಗೂ ಹಾಗೇ ಅನಿಸುತ್ತದೆ, ಕೋಣ ಇದ್ದಲ್ಲಿ ನೊಣ. ಆಗ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದ ವಿಠಾಬಾಯಿ ಒಂದೇ ಮಾತು ಕೇಳಿದಳು. “ನೊಣ ಕ್ವಾಣದ ಮ್ಯಾಲ ಕೂಡ್ತಾವ, ಖರೇ. ಹುಟ್ಟೂದ ಎಲ್ಲಿ? ಯಾರರ ನೋಡೀರೇನು?”

ನನಗೆ ಕುಲಕರ್ಣಿ ಸಾಹೇಬರ ಅರ್ಧ ಮಾತು ಈಗ ಪೂರ್ತಿ ಕೇಳಿಸಿತು. “ಹದಿನೈದು ದಿನ ಟೈಮ್ ಕೊಡ್ರಿ. ನೋಡಿ ಹೇಳ್ತೀನಿ” ಅಂದೆ.

ಭೀಮಶ್ಯಾನ ಅಂಗಡಿಯಿಂದಲೇ ಖಾರದ ತಿಂಡಿ ಫರಸಾಣ ತುಂಬುವ ಖಾಲಿ ಗಾಜಿನ ಬರಣಿ ಎಂಟು ತಂದೆ. ಅವನಿಗೆ ಯಾಕೆ ಅಂತ ಹೇಳಲಿಲ್ಲ, ಹೇಳಿದ್ದರೆ ಕೊಡುತ್ತಿರಲಿಲ್ಲ. ಊರಲ್ಲಿ ಎಲ್ಲೆಲ್ಲಿ ತಿಪ್ಪೆ, ಕೊಳೆತ ಮೇವು, ಗಟಾರದ ಕೆಸರು ಇದೆಯೋ ಅಲ್ಲೆಲ್ಲ ಹೋಗಿ ಒಂದೊಂದು ಬೊಗಸೆ ತೆಗೆದು ಬರಣಿಗೆ ಹಾಕಿದೆ. ಬರಣಿಯ ಬಾಯಿಗೆ ಅಪ್ಪನ ಅಂಗಡಿಯಿಂದ ತಂದ ತೆಳು ಮಲ್ಮಲ್ ಅರಿವೆ ಕಟ್ಟಿ, ಚೀಟಿ ಅಂಟಿಸಿ, ಪಂಚಾಯಿತಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಎಲ್ಲರೂ ನೋಡಲಿ, ಯಾರೂ ಮುಟ್ಟದಿರಲಿ ಅಂತ. ಮಾಳಪ್ಪನ ದೊಡ್ಡಿಯದು ಒಂದು, ಭಜಿ ಅಂಗಡಿಯ ಹಿಂದಿನದು ಒಂದು, ಹೀಗೆ ಏಳು. ಎಂಟನೆಯದಕ್ಕೆ ಜಾಗ ಸಿಗದೆ, ನಮ್ಮ ದವಾಖಾನೆಯ ಹಿಂದಿನ ಕಸದಿಂದ ಒಂದು ಬೊಗಸೆ ತುಂಬಿದೆ. ಲೆಕ್ಕ ತುಂಬಲಿ ಅಂತ ಮಾಡಿದ್ದು, ಬೇರೆ ಏನೂ ಮನಸ್ಸಿನಲ್ಲಿ ಇರಲಿಲ್ಲ.

ಅಲ್ಲಿಂದ ನನ್ನ ಹೆಸರು ಹೋಯಿತು. ಶಾಲೆಗೆ ಹೋಗುವ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡಿ, ನಾನು ಮೊಪೆಡ್ ಮೇಲೆ ಬಂದರೆ “ನೊಣದ ಬಾಯಿ ಬಂದ್ರು, ನೊಣದ ಬಾಯಿ ಬಂದ್ರು” ಅಂತ ಕೂಗುತ್ತಿದ್ದವು. ನೊಣಕ್ಕೆ ಬಾಯಿ ಇರುತ್ತದೆ, ಆದರೆ ಹೀಗೆ ಮೊಪೆಡ್ ಹೊಡೆಯುವುದಿಲ್ಲ ಅಂತ ನಾನೂ ನಗುತ್ತಿದ್ದೆ.

ಒಂದು ವಾರ ಕಳೆಯುವಷ್ಟರಲ್ಲಿ ಬರಣಿಗಳಲ್ಲಿ ನೊಣ ಹಾರಲು ಶುರುವಾದವು. ಹದಿನೈದನೆಯ ದಿನ ಪಂಚಾಯಿತಿಯ ಎದುರು ಊರೇ ಸೇರಿತ್ತು. ಮಾಳಪ್ಪನ ಬರಣಿಯಲ್ಲಿ ಐದೋ ಆರೋ ನೊಣ. ಭೀಮಶ್ಯಾ ನಂಬಲೇ ಇಲ್ಲ. ಆಗ ವಿಠಾಬಾಯಿಯೇ ಬಿಡಿಸಿ ಹೇಳಿದಳು: “ಬೆಳಿಗ್ಗಿ ಎದ್ದ ಕೂಡ್ಲೇ ಸೆಗಣಿ ಬಳದು ಕುಳ್ಳು ತಟ್ತೀನಿ. ಬಿಸಿಲಿಗೆ ಒಣಗಿದ್ರಾಗ ಹುಳಾ ಹ್ಯಾಂಗ ಬದುಕ್ತದ?” ಭಜಿ ಅಂಗಡಿಯ ಬರಣಿಯಲ್ಲಿ ಒಂದು ಮುಷ್ಟಿ ನೊಣ. ಜನ ನಕ್ಕರು. ಭೀಮಶ್ಯಾ ಮುಖ ಕೆಂಪಗೆ ಮಾಡಿಕೊಂಡ.

ಎಂಟನೆಯ ಬರಣಿ ಎತ್ತಿದೆ. ಗಾಜು ಕಾಣುತ್ತಿರಲಿಲ್ಲ. ಒಳಗೆಲ್ಲ ಕಪ್ಪು, ಗುಂಯ್ ಅನ್ನುವ ಸದ್ದು ಮಲ್ಮಲ್ ದಾಟಿ ಬರುತ್ತಿತ್ತು. ಹತ್ತಿರದಿಂದ ನೋಡಿದೆ: ಎಲ್ಲಕ್ಕೂ ಸೂಜಿಯ ಸೊಂಡಿಲು. ಕೋಣದ ಕಾಲು ಕಡಿಯುವ ಆ ನೊಣವೇ.

“ಅದು ಯಾರ ತಿಪ್ಪಿ ಬಾಯಿ?” ಅಂತ ಪಂಚಾಯಿತಿಯ ಹಿರಿಯರೊಬ್ಬರು ಕೇಳಿದರು.

ಚೀಟಿ ಕಿತ್ತು ಕೈಯಲ್ಲಿ ಮುಚ್ಚಿಕೊಂಡುಬಿಡಲೇ ಅಂತ ಒಂದು ಕ್ಷಣ ಅನಿಸಿದ್ದು ಖರೆ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ವಿಠಾಬಾಯಿ ನಿಂತಿದ್ದಳು. “ನಂದು” ಅಂದೆ. “ದನದ ದವಾಖಾನಿದು.”

ನಾನು ನಿಂತಲ್ಲೇ ಎಲ್ಲ ಹೇಳಿದೆ. ಚಿಕಿತ್ಸೆಗೆ ಬಂದ ದನಗಳು ತಿಂದು ಬಿಟ್ಟ ಮೇವು, ಉಚ್ಚೆ, ಸೆಗಣಿ ಎಲ್ಲ ಹಿಂದಿನ ಗೋಡೆಯ ಬುಡಕ್ಕೆ ಹಾಕುತ್ತಿದ್ದೆವು. ಅಲ್ಲೇ ಒಂದು ನಲ್ಲಿ ಸೋರುತ್ತಿತ್ತು. ತಿಂಗಳುಗಟ್ಟಲೆ ಹಸಿಯಾಗೇ ಕೊಳೆಯುತ್ತಿತ್ತು. ಕಡಿಯುವ ನೊಣಕ್ಕೆ ಇದಕ್ಕಿಂತ ಒಳ್ಳೆಯ ತವರುಮನೆ ಇಲ್ಲ. ನಾನು ಬೆಳಿಗ್ಗೆ ಮುಂದಿನ ಬಾಗಿಲಲ್ಲಿ ನೊಣದ ಔಷಧ ಕೊಡುತ್ತಿದ್ದೆ, ಹಿಂದಿನ ಗೋಡೆಯ ಬುಡದಲ್ಲಿ ನೊಣ ಸಾಕುತ್ತಿದ್ದೆ.

ಮೊದಲು ನಕ್ಕವನು ಮಾಳಪ್ಪ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಊರೆಲ್ಲ ನಕ್ಕಿತು. ಭೀಮಶ್ಯಾ ಎದ್ದು ಬಂದು ತನ್ನ ಬರಣಿಯನ್ನು ನನ್ನ ಬರಣಿಯ ಪಕ್ಕ ಇಟ್ಟು, “ಬಾಯಿ, ನನ್ನಕಿಂತ ನೀವ ದೊಡ್ಡ ಸಾಹುಕಾರರು ಬಿಡ್ರಿ” ಅಂದ. ಅರ್ಜಿ ಅಲ್ಲಿಗೇ ಮುಗಿಯಿತು. ಮರುದಿನ ಗುದ್ದಲಿ ಹಿಡಿದು ದವಾಖಾನೆಯ ಹಿಂದೆ ಬಂದವರಲ್ಲಿ ಮಾಳಪ್ಪನೂ ಇದ್ದ, ಭೀಮಶ್ಯಾನೂ ಇದ್ದ. ನಲ್ಲಿ ಸರಿ ಮಾಡಿಸಿದೆವು, ಕಸ ತೆಗೆದು ಹೊಲದಲ್ಲಿ ತೆಳ್ಳಗೆ ಹರವಿ ಒಣಗಿಸಿದೆವು. ಮೂರು ವಾರದಲ್ಲಿ ಕೋಣಗಳು ಕಾಲು ಊರಿ ನಿಂತು ಮೇಯತೊಡಗಿದವು.

ಕಾಲಿನ ನೊಣ ಕಡಿಮೆಯಾದವು, ಬೆನ್ನಿನ ಸಣ್ಣ ನೊಣ ಉಳಿದವು. ಅವು ಹುಟ್ಟುವುದು ಮೇಯುವ ಬಯಲಲ್ಲಿ ಬಿದ್ದ ಹಸಿ ಸೆಗಣಿಯಲ್ಲಿ. ಅದನ್ನೆಲ್ಲ ಬಳಿಯಲಿಕ್ಕೆ ಆಗುವುದಿಲ್ಲ. ಅದಕ್ಕೆ ಒಂದು ಉಪಾಯ ಓದಿದ್ದೆ. ಗೋಣಿಚೀಲದಲ್ಲಿ ನೊಣದ ಪುಡಿ ತುಂಬಿ ದೊಡ್ಡಿಯ ಬಾಗಿಲಿಗೆ ಅಡ್ಡ ತೂಗುಹಾಕಬೇಕು. ದನ ದಾಟುವಾಗ ಬೆನ್ನಿಗೆ ಚೀಲ ತಾಗಿ ಪುಡಿ ತಾನೇ ಉದುರುತ್ತದೆ. ಒಂದೊಂದೇ ದನ ಹಿಡಿದು ಔಷಧ ಹೊಡೆಯುವ ಕೆಲಸವಿಲ್ಲ. ಕೋಣವನ್ನು ಹಿಡಿದು ನೋಡಿದವರಿಗೆ ಈ ಉಪಾಯದ ಬೆಲೆ ಗೊತ್ತು.

ಹುಮ್ಮಸ್ಸಿನಿಂದ ಬೆಳಿಗ್ಗೆ ಹೊರಗೆ ಹೋಗುವ ಬಾಗಿಲಿಗೆ ಚೀಲ ಕಟ್ಟಿದೆ. ಎಲ್ಲ ಕೋಣಗಳೂ ಮೈಗೆ ಪುಡಿ ಬಳಿದುಕೊಂಡು ಗಂಭೀರವಾಗಿ ಹೊರಟವು. ಒಂದು ವಾರವಾದರೂ ನೊಣ ಹಾಗೇ ಇವೆ. ಪುಡಿ ಹಳೆಯದೋ, ಚೀಲ ದಪ್ಪವೋ ಅಂತ ತಲೆ ಕೆಡಿಸಿಕೊಂಡು ನಿಂತಿದ್ದೆ. ವಿಠಾಬಾಯಿ ಕುಳ್ಳು ತಟ್ಟುತ್ತಲೇ ಕೇಳಿದಳು: “ಬಾಯಿ, ನೀವು ಪೌಡರ್ ಹಚ್ಗೊಂಡು ಆಮ್ಯಾಲ ಜಳಕಾ ಮಾಡ್ತೀರೇನು?”

“ಇಲ್ಲವ್ವ. ಯಾಕ?”

“ಕ್ವಾಣ ಇಲ್ಲಿಂದ ಸೀದಾ ಕೆರಿಗಿ ಹೋಗ್ತಾವಲ್ರಿ. ಇಡೀ ದಿನ ನೀರಾಗ ಬಿದ್ದಿರ್ತಾವ.”

ಅವತ್ತೇ ಚೀಲ ಬಿಚ್ಚಿ, ಸಂಜೆ ಕೆರೆಯಿಂದ ಬಂದು ಮೈ ಒಣಗಿಸಿಕೊಂಡು ಒಳ ಅಂಗಳಕ್ಕೆ ದಾಟುವ ಬಾಗಿಲಿಗೆ ಕಟ್ಟಿದೆವು. ಅಲ್ಲಿಂದ ಕೆಲಸ ಮಾಡಿತು. ಇನ್ನೊಂದು ಮಾತೂ ಹೇಳಿದ್ದೆ: ಪುಡಿ ಬಿದ್ದ ದನವನ್ನು ಇಂತಿಷ್ಟು ದಿನ ಮಾಂಸಕ್ಕೆ ಕಳಿಸಬಾರದು, ತಿನ್ನುವವರೂ ಮನುಷ್ಯರೇ. ಮಾಳಪ್ಪ ಅದನ್ನು ಎಂದೂ ತಪ್ಪಲಿಲ್ಲ. ಕಳಿಸುವ ಕೋಣಗಳನ್ನು ಮೊದಲೇ ಬೇರೆ ಕಟ್ಟಿ, ಕೊರಳಿಗೆ ಕೆಂಪು ದಾರ ಹಾಕುತ್ತಿದ್ದ. ಕೆಂಪು ದಾರ ಇದ್ದದ್ದು ಪುಡಿಯ ಬಾಗಿಲು ದಾಟುವಂತಿರಲಿಲ್ಲ.

ಈ ಸುದ್ದಿ ಮೇಲಿನವರಿಗೆ ಮುಟ್ಟಿತು. ಜಿಲ್ಲೆಯಿಂದ ಒಬ್ಬ ದೊಡ್ಡ ಸಾಹೇಬರು ನೋಡಲು ಬಂದರು. ಎತ್ತರದ ಮನುಷ್ಯ, ಇಸ್ತ್ರಿ ಅಂಗಿ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದು. ಜೊತೆಗೆ ಕುಲಕರ್ಣಿ ಸಾಹೇಬರು. ನಾನು ಬಾಗಿಲ ಪಕ್ಕ ನಿಂತು ವಿವರಿಸುತ್ತಿದ್ದೆ. ದೊಡ್ಡ ಸಾಹೇಬರಿಗೆ ಒಳಗಿನಿಂದ ನೋಡಬೇಕು ಅನಿಸಿತು. “ಸರ್, ಆ ಕಡಿಂದ...” ಅನ್ನುವಷ್ಟರಲ್ಲಿ ತಲೆ ಬಗ್ಗಿಸಿ ಚೀಲದ ಕೆಳಗೇ ನುಗ್ಗಿದರು. ತಲೆ ಎತ್ತಿದರು. ಚೀಲ ತನ್ನ ಕೆಲಸ ಬರಾಬರ್ ಮಾಡಿತು.

ಎಣ್ಣೆಯ ಕೂದಲಿಗೆ ಪುಡಿ ಗಟ್ಟಿಯಾಗಿ ಹತ್ತಿಕೊಂಡಿತು. ಹುಬ್ಬು, ಮೀಸೆ, ಭುಜ ಎಲ್ಲ ಬೆಳ್ಳಗೆ. ನನ್ನ ನೌಕರಿ ಹೋಯಿತು ಅಂದುಕೊಂಡೆ. ಸಾಹೇಬರು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರು. ನಾನು ಓಡಿ ಹೋಗಿ ನೀರು, ಸೋಪು ತಂದೆ. ಮುಖ ತೊಳೆದು, ಒರೆಸಿಕೊಂಡು, ನನ್ನ ಕಡೆ ತಿರುಗಿ ಹೇಳಿದರು: “ಏನಮ್ಮ, ಇನ್ನೊಂದು ತಿಂಗಳು ನನ್ನ ಮೇಲೆ ನೊಣ ಕೂರೋದಿಲ್ಲ ಅಲ್ವಾ?”

ಮಾಳಪ್ಪ ಕೈ ಮುಗಿದು, ಭಾಳ ವಿನಯದಿಂದ ಅಂದ: “ತಿಂಗಳು ಇಲ್ರಿ ಸಾಹೇಬ್ರ. ಹದಿನೈದೇ ದಿನ. ಆಮ್ಯಾಲ ಮತ್ತೊಮ್ಮಿ ದಾಟಬೇಕಾಗ್ತದ.”

ಕುಲಕರ್ಣಿ ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೊಡ್ಡ ಸಾಹೇಬರೂ ನಕ್ಕರು. ಅವರು ವರದಿಯಲ್ಲಿ ಏನು ಬರೆದರೋ ನನಗೆ ಗೊತ್ತಿಲ್ಲ. ಹೋಗುವಾಗ ಮಾತ್ರ ಬಾಗಿಲನ್ನು ಸುತ್ತು ಹಾಕಿ ಹೋದರು.

ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ನಾನು ಚಿಟಗುಪ್ಪದಲ್ಲಿದ್ದೆ. ಕುಲಕರ್ಣಿ ಸಾಹೇಬರು ಆಗಲೇ ಪಿಂಚಣಿ ಪಡೆದು ಮಗಳ ಊರಿಗೆ ಹೋಗಿದ್ದರು. ಆ ವರ್ಷವೇ ಚರ್ಮಗಂಟು ರೋಗ ಬಂತು. ದನದ ಮೈ ತುಂಬ ಗಂಟು ಏಳುತ್ತಿದ್ದವು, ಜ್ವರ, ಕಾಲು ಬಾವು. ಕಡಿಯುವ ನೊಣ, ಸೊಳ್ಳೆ ಒಂದರಿಂದ ಇನ್ನೊಂದಕ್ಕೆ ಹಚ್ಚುತ್ತವೆ. ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿದೆವು. ನೌಕರಿಯ ಶುರುವಿನಲ್ಲಿ ನೊಣದ ಮಾತೆತ್ತಿದರೆ ನಗುತ್ತಿದ್ದ ಜನ ಈಗ ತಾವೇ ಕರೆದು ತಿಪ್ಪೆ ತೋರಿಸುತ್ತಿದ್ದರು, ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು. ಆದರೂ ಕೆಲವು ದನ ಹೋದವು. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಚಿಟಗುಪ್ಪದಲ್ಲಿ ಜಗದೇವಿ ಅಂತ ಒಬ್ಬ ಟೇಲರ್. ಮನೆಯಲ್ಲೇ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದಳು. ಗಂಡ ಲಾರಿಯ ಡ್ರೈವರ್, ತಿಂಗಳಿಗೊಮ್ಮೆ ಬರುವವನು. ಅವಳ ಬಳಿ ಒಂದೇ ಆಕಳು, ಚೊಚ್ಚಲ ಗಬ್ಬ. ಪಕ್ಕದ ಮನೆಯ ಆಕಳಿಗೆ ಗಂಟು ಎದ್ದಾಗ ಜಗದೇವಿ ನನ್ನ ಬಳಿ ಓಡಿ ಬಂದಳು. “ಲಸಿಕಿ ಹಾಕೀರಿ, ಖರೇ. ಆದ್ರ ನೊಣ ಗ್ವಾಡಿ ದಾಟಿ ಬರಾಕತ್ತಾವ್ರಿ ಬಾಯಿ. ನಾ ಏನ್ ಮಾಡ್ಲಿ?”

“ನಿಮ್ಮ ಮನ್ಯಾಗ ಏನೇನ ಅದ?” ಅಂತ ಕೇಳಿದೆ. ಅಷ್ಟು ವರ್ಷದಲ್ಲಿ ಅದು ನನ್ನ ಬಾಯಿಪಾಠವಾಗಿತ್ತು.

ಅವಳು ಯೋಚನೆ ಮಾಡಿ, “ಮಷೀನ್ ಅದ. ಮೂರು ಮಚ್ಚರದಾನಿ ಅದಾವ” ಅಂದಳು. ನಾನು ಏನೂ ಹೇಳುವ ಮೊದಲೇ ಅವಳ ಕಣ್ಣು ಅರಳಿತು.

ಮರುದಿನ ಹೋಗಿ ನೋಡಿದರೆ ಮೂರು ಸೊಳ್ಳೆ ಪರದೆಗಳನ್ನು ಜೋಡಿಸಿ ಹೊಲಿದು, ಸಾಲದ್ದಕ್ಕೆ ಒಂದು ತೆಳು ಸೀರೆ ಅಂಚಿಗೆ ಕೂಡಿಸಿ, ಇಡೀ ಕೊಟ್ಟಿಗೆಯನ್ನೇ ಮುಚ್ಚಿದ್ದಾಳೆ. ಕೆಳಗೆ ಉಸುಕಿನ ಚೀಲದ ಭಾರ. ಒಳಗೆ ಆಕಳು ಮದುಮಗಳ ಹಾಗೆ ಕೂತು ಮೆಲುಕು ಹಾಕುತ್ತಿದೆ. ಹೊರಗೆ ಅವಳ ಅತ್ತೆ ಕೈ ಕಾಲು ಕೆರೆದುಕೊಳ್ಳುತ್ತ ಕೂತಿದ್ದಾಳೆ. “ನೋಡ್ರಿ ಬಾಯಿ, ಆಕಳಾ ಪಲ್ಲಕ್ಕಿ ಒಳಗ, ನಾವು ಮಚ್ಚರದ ಬಾಯಾಗ” ಅಂದಳು. ಆದರೆ ಉಸುಕಿನ ಚೀಲ ಸರಿದಾಗೆಲ್ಲ ಎದ್ದು ಹೋಗಿ ಸರಿಪಡಿಸುತ್ತಿದ್ದವಳೂ ಅವಳೇ.

ಇಪ್ಪತ್ತು ದಿನ ಆ ಆಕಳು ಪರದೆಯೊಳಗೇ ಇತ್ತು. ಒಂದು ಬೆಳಿಗ್ಗೆ ಏಳು ಗಂಟೆಗೆ ಜಗದೇವಿಯ ಫೋನು. ನೋವು ಶುರುವಾಗಿ ಎಷ್ಟೋ ಹೊತ್ತಾಗಿದೆ, ಒಂದೇ ಕಾಲು ಕಾಣುತ್ತಿದೆ. ನಮ್ಮ ಡಾಕ್ಟರು ಬೇರೆ ಹಳ್ಳಿಯಲ್ಲಿ ರೋಗದ ದನ ನೋಡುತ್ತಿದ್ದರು; ಬರಲು ಎರಡು ತಾಸು ಬೇಕು. ನಾನು ಹೋದೆ.

ಪರದೆ ಎತ್ತಿ ಒಳಗೆ ನುಸುಳಿದೆ. ನಾನು, ಜಗದೇವಿ, ಆಕಳು, ಅಷ್ಟಕ್ಕೇ ಜಾಗ. ಸೆಖೆಗೆ ಉಸಿರು ಕಟ್ಟುತ್ತಿತ್ತು. ರಕ್ತದ ವಾಸನೆಗೆ ಹೊರಗಿನ ನೊಣಗಳೆಲ್ಲ ಪರದೆಗೆ ಮುತ್ತಿಕೊಂಡವು. ಅತ್ತೆ ಹೊರಗಿನಿಂದ ಟವೆಲ್ ಬೀಸುತ್ತಿದ್ದಳು. ಕೈ ತೊಳೆದು ಒಳಗೆ ಹಾಕಿ ನೋಡಿದೆ. ಕರುವಿನ ಒಂದು ಮುಂಗಾಲು ಮುಂದೆ ಬಂದಿದೆ, ಇನ್ನೊಂದು ಮೊಣಕಾಲಲ್ಲಿ ಮಡಚಿ ಹಿಂದೆ ಸಿಕ್ಕಿದೆ. ಹಾಗೇ ಎಳೆದರೆ ಇಬ್ಬರೂ ಉಳಿಯುವುದಿಲ್ಲ. ಬೆರಳು ಕರುವಿನ ನಾಲಿಗೆಗೆ ತಾಗಿಸಿದೆ. ಅದು ಮೆಲ್ಲಗೆ ಚೀಪಿತು. ಜೀವ ಇದೆ.

“ಜಗದೇವಿ, ಆಕಳಾ ತಿಣಕಿದಾಗ ನಾ ಏನೂ ಮಾಡೂದಿಲ್ಲ. ತಿಣಕೂದು ನಿಂತಾಗ ಒಳಗ ದಬ್ಬತೀನಿ. ನೀ ಆಕಿ ಸಂಗಟ ಮಾತಾಡ್ಕೋತ ಇರು.”

“ಏನಂತ ಮಾತಾಡ್ಲಿರಿ?”

“ಏನರ.”

ಅವಳು ಆಕಳ ಕಿವಿಯ ಬಳಿ ಕೂತು, ತಾನು ಹೊಲಿಯಬೇಕಾದ ಜಂಪರ್‌ಗಳ ಅಳತೆ ಹೇಳತೊಡಗಿದಳು. ಯಾರದು ಎಷ್ಟು ತೋಳು, ಯಾರಿಗೆ ಲೇಸು ಬೇಕು. ಆಕಳು ಕೇಳಿಸಿಕೊಳ್ಳುತ್ತಿತ್ತು. ನೋವು ಬಂದು ಹೋದ ನಡುವಿನ ಬಿಡುವಿನಲ್ಲಿ ನಾನು ಕರುವನ್ನು ಸ್ವಲ್ಪ ಸ್ವಲ್ಪ ಹಿಂದೆ ಸರಿಸುತ್ತ, ಮಡಚಿದ ಕಾಲಿನ ಗೊರಸು ಅಂಗೈಯಲ್ಲಿ ಮುಚ್ಚಿ ಹಿಡಿದು, ಒಳಗೆ ಎಲ್ಲೂ ತರಚದ ಹಾಗೆ ಮುಂದೆ ತಂದೆ. ತೋಳು ಮರಗಟ್ಟಿ ಹೋಗಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಕಾಲು ಬಿಚ್ಚಿಕೊಂಡಿತು. ಎರಡು ಗೊರಸು ಜೋಡಿಯಾಗಿ ಕಂಡಾಗ ಜಗದೇವಿ ಅಳತೆ ಹೇಳುವುದನ್ನು ನಿಲ್ಲಿಸಿ ಅಳತೊಡಗಿದಳು. ಮುಂದಿನದನ್ನೆಲ್ಲ ಆಕಳೇ ಮಾಡಿತು.

ಹೆಣ್ಣುಕರು. ಒದ್ದೆ ಮೈ, ಹಣೆಯ ಮೇಲೆ ಕಪ್ಪು ಬೊಟ್ಟು. ಮೂಗು ಒರೆಸಿ, ಎದೆ ತಿಕ್ಕಿದೆ. ಸೀನಿತು. ತಾಯಿ ತಿರುಗಿ ನೆಕ್ಕಲು ಶುರು ಮಾಡಿತು. ಯಾರ ಮೈ ಮೇಲೂ ಒಂದು ಗಂಟಿಲ್ಲ. ಅರ್ಧ ತಾಸಿನಲ್ಲಿ ಕರು ಎದ್ದು, ಬಿದ್ದು, ಮತ್ತೆ ಎದ್ದು, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟುಕೊಂಡು ನಿಂತಿತು.

ನಾನು ನುಸುಳಿ ಬರುವಾಗ ಎಲ್ಲಿಂದಲೋ ಒಂದು ನೊಣ ಒಳಗೆ ಬಂದಿತ್ತು. ಅದು ಹೋಗಿ ಕರುವಿನ ಹಿಂಭಾಗದ ಮೇಲೆ ಕೂತಿತು. ಜಗದೇವಿ ಹೊಡೆಯಲು ಕೈ ಎತ್ತಿದಳು. “ತಡಿ” ಅಂದೆ.

ಕರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಆಮೇಲೆ ಇನ್ನೂ ಒದ್ದೆಯಾಗಿದ್ದ ಆ ಬಾಲ ತಾನಾಗಿ ಎದ್ದು, ಗಾಳಿಯಲ್ಲಿ ಒಂದು ಸುತ್ತು ಹೊಡೆದು, ನೊಣದ ಮೇಲೆ ಪಟ್ಟನೆ ಬಿತ್ತು. ಬೀಸಿದ ರಭಸಕ್ಕೆ ಕರು ತಾನೇ ಕುಸಿದು ಕೂತಿತು. ನೊಣ ಹಾರಿಹೋಗಿತ್ತು. ಪರದೆಯ ಆಚೆ ಟವೆಲ್ ಬೀಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನಕ್ಕಳು. “ಬಾಯಿ, ನೀವಿನ್ನು ಆರಾಮ ಮಾಡ್ರಿ. ನಿಮ್ಮ ಕೆಲಸಾ ಇದು ಕಲ್ತುಕೊಂಡು ಬಂದದ” ಅಂದಳು.